ರಿಗೇಲ್‌ಗೂ ರಾಜನಿಗೂ ನಂಟಿಲ್ಲ

ಪ್ರಿಯರೇ,

‘ರಿಗೇಲ್: ರಾಜೋಪಚಾರದ ಪದ’ ಲೇಖನ ಓದಿದೆ. ಈಗಿರುವಂತೆ ಹಾಕಲಾಗದು. ಭಾಷೆ ಚೆನ್ನಾಗಿದೆ, ಬುಡವೇ ತಪ್ಪಿದೆ.

ಇಂಗ್ಲಿಷಿನ ರಿಗೇಲ್ (regale) ಅಂದರೆ ಹೊಟ್ಟೆತುಂಬ ಉಣಿಸಿ ಸತ್ಕರಿಸುವುದು, ಕಥೆ ಹರಟೆಗಳಿಂದ ರಂಜಿಸುವುದು. ಇಷ್ಟು ಸರಿ. ಆದರೆ ಅದು ‘ರೀಗಲ್’ನಿಂದ (regal, ರಾಜೋಚಿತ) ಹುಟ್ಟಿತು, ಹಾಗಾಗಿ ಅರಮನೆಯ ಪದ ಎಂದು ಆರು ಪುಟ ಕಟ್ಟಿದ್ದೀರಿ. ರೀಗಲ್‌ನ ಮೂಲ ಲ್ಯಾಟಿನ್ನಿನ ‘ರೆಕ್ಸ್’, ಅಂದರೆ ದೊರೆ. ಅದು ನಮ್ಮ ಸಂಸ್ಕೃತದ ‘ರಾಜನ್’ಗೆ ದಾಯಾದಿ, ನಿಜ. ರಿಗೇಲ್‌ನ ಮನೆತನವೇ ಬೇರೆ. 17ನೇ ಶತಮಾನದಲ್ಲಿ ಫ್ರೆಂಚಿನ ‘ರೆಗಾಲೆ’ಯಿಂದ ಇಂಗ್ಲಿಷಿಗೆ ಬಂತು, ಅದರ ಹಿಂದೆ ಹಳೆಯ ಫ್ರೆಂಚಿನ ‘ಗಾಲ್’, ಅಂದರೆ ಮೋಜು. ಗಾಲಾ ಡಿನ್ನರಿನ ‘ಗಾಲಾ’ ಇದರ ಒಡಹುಟ್ಟು. ‘ಗ್ಯಾಲಂಟ್’ ಕೂಡ ಅದೇ ಮನೆಯವನು, ಮೂಲದಲ್ಲಿ ಮಜಾ ಮಾಡುವವ. ರುಚಿಯಾಗಿ ಉಂಡು ಎದ್ದ ಫ್ರೆಂಚರು ಇವತ್ತಿಗೂ ಇದೇ ‘ರೆಗಾಲೆ’ ಕ್ರಿಯಾಪದದಲ್ಲಿ ಊಟ ಹೊಗಳುತ್ತಾರೆ. ಸಿಂಹಾಸನ ಎಲ್ಲೂ ಇಲ್ಲ. ಸ್ಪೆಲಿಂಗಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ ನೋಡಿ, ಮೋಸಹೋದದ್ದು ಅಲ್ಲೇ. ನಿಘಂಟು ತೆರೆಯುವವರೆಗೆ ನಾನೂ ಹಾಗೇ ನಂಬಿದ್ದೆ.

ಆದರೆ ಮೂರನೇ ಪುಟದಲ್ಲಿ ಒಂದು ಕಡೆ ನಿಂತುಬಿಟ್ಟೆ. ಮದುವೆ ಪಂಕ್ತಿಯಲ್ಲಿ ನಿಮ್ಮ ಸೋದರಮಾವ ಕಥೆ ಹೇಳುತ್ತಿದ್ದಾರೆ. ಹೋಳಿಗೆಗೆ ತುಪ್ಪ ಬಡಿಸಲು ಬಂದ ಹುಡುಗ ಬಾಗಿದವನು ಹಾಗೇ ಮೈಮರೆತಿದ್ದಾನೆ. ಮಿಳ್ಳೆಯ ತುಪ್ಪ ಎಲೆ ದಾಟಿ ನೆಲಕ್ಕೆ ಹರಿಯುತ್ತಿದೆ. ರಿಗೇಲ್‌ನ ಎರಡೂ ಅರ್ಥ ಆ ಒಂದು ಸಾಲಿನಲ್ಲಿತ್ತು. ನೀವು ಗಮನಿಸದೆ ಫ್ರಾನ್ಸಿನ ದೊರೆಗಳ ಹಿಂದೆ ಹೊರಟುಹೋದಿರಿ.

ಕನ್ನಡದಲ್ಲಿ ಇಂಥ ಪದವಿಲ್ಲ ಅಂದಿದ್ದೀರಿ. ಯಾವೂರ ಮಾತು ಮಾರಾಯರೆ! ಸಂಗೀತ ಕಛೇರಿಯ ವರದಿಗಳಲ್ಲಿ ‘ರಸದೌತಣ ಉಣಬಡಿಸಿದರು’ ಎಂಬುದನ್ನು, ಸವೆದುಹೋಗಿದೆ ಅಂತ, ಹೊಡೆದುಹಾಕಿ ಹೊಡೆದುಹಾಕಿ ನನಗೆ ಸಾಕಾಗಿದೆ. ಸೊಗಸಾಗಿ ಮಾತಾಡುವವರು ನಮ್ಮಲ್ಲಿ ಉಣಿಸುತ್ತಾರೆ, ಕೊರೆಯುವವರು ತಲೆ ತಿನ್ನುತ್ತಾರೆ. ಇಂಗ್ಲಿಷಿನವರಿಗೆ ಎರಡಕ್ಕೂ ರಿಗೇಲೇ ಸಾಕು. ತನ್ನ ಆಪರೇಷನ್ ಪುರಾಣವನ್ನು ಗಂಟೆಗಟ್ಟಲೆ ಒಪ್ಪಿಸಿದವನಿಗೂ ವ್ಯಂಗ್ಯವಾಗಿ ಅದನ್ನೇ ಅನ್ನುತ್ತಾರೆ. ಬರೆಯಬೇಕಾದ್ದು ಇದನ್ನು.

ಆರು ಪುಟ ಎರಡಾಗಲಿ. ಮಾವನಿಂದ ಶುರುಮಾಡಿ. ಅವರು ಹೇಳುತ್ತಿದ್ದ ಕಥೆ ಯಾವುದೆಂದು ನೀವು ಬರೆದೇ ಇಲ್ಲ. ಅಷ್ಟು ತುಪ್ಪ ಚೆಲ್ಲಿಸಿದ ಕಥೆ ನನಗೆ ಬೇಕು.

– ಸಂ.