ಕಾರಿನ ಸೌಂಡ್ ಚೆನ್ನಾಗಿ ಬರಬೇಕೆಂದರೆ ಮೊದಲು ಏನು ಬದಲಿಸಬೇಕು?

ಕಾರಿನ ಜೊತೆ ಬಂದ ಸ್ಪೀಕರ್‌ಗಳು ಸಪ್ಪೆಯಾಗಿವೆ, ಬೇಸ್ ಇಲ್ಲ, ವಾಲ್ಯೂಮ್ ಏರಿಸಿದರೆ ಸೌಂಡ್ ಒಡೆಯುತ್ತದೆ ಎಂದಿದ್ದೀರಿ. ಮೊದಲು ಹೊಸ ಸ್ಟೀರಿಯೊ ಹಾಕಿಸಬೇಕಾ, ಸಬ್‌ವೂಫರ್ (ಬರೀ ಬೇಸ್‌ಗೆ ಅಂತಲೇ ಇರುವ ದೊಡ್ಡ ಸ್ಪೀಕರ್) ಹಾಕಿಸಬೇಕಾ ಅಂತ ನಿಮ್ಮ ಪ್ರಶ್ನೆ.

ಎರಡೂ ಆಮೇಲೆ ಇರಲಿ. ಮೊದಲು ಮುಂದಿನ ಎರಡು ಬಾಗಿಲುಗಳನ್ನು ಸರಿ ಮಾಡಿಸಿ. ಬಾಗಿಲಿನ ಸ್ಪೀಕರ್ ಅಷ್ಟೇ ಅಲ್ಲ, ಬಾಗಿಲನ್ನೇ.

ನಾನು ಇದನ್ನು ಉಲ್ಟಾ ಮಾಡಿದ್ದೆ. ಮೊದಲು ದೊಡ್ಡ ಟಚ್‌ಸ್ಕ್ರೀನ್ ಸ್ಟೀರಿಯೊ, ಆಮೇಲೆ ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್. ಡಿಕ್ಕಿಯಿಂದ ಗುಂ ಗುಂ ಅಂತ ಸದ್ದು ಬರುತ್ತಿತ್ತು, ಹಾಡುವವರ ದನಿ ಮಾತ್ರ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿತ್ತು. ಒಂದು ದಿನ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ತಬಲಾ ಇರುವ ಒಂದು ರೆಕಾರ್ಡಿಂಗ್ ಹಾಕಿದೆ. ಡಗ್ಗಾದ ಪೆಟ್ಟು ಬಿದ್ದಾಗಲೆಲ್ಲ ನನ್ನ ಪಕ್ಕದ ಬಾಗಿಲಿನಿಂದ ಝರ್ ಅಂತ ಸದ್ದು. ಅಂಗೈಯನ್ನು ಬಾಗಿಲಿನ ಒಳಗಿನ ಪ್ಯಾನೆಲ್ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದೆ. ಝರ್ ನಿಂತಿತು. ಪೆಟ್ಟು ದುಂಡಗೆ, ಗಟ್ಟಿಯಾಗಿ ಕೇಳಿಸಿತು. ಕೈ ತೆಗೆದೆ, ಮತ್ತೆ ಝರ್. ಅಷ್ಟೆಲ್ಲ ದುಡ್ಡು ಸುರಿದಿದ್ದರೂ ಗೊತ್ತಾಗದ ವಿಷಯ ಆ ಐದು ನಿಮಿಷದಲ್ಲಿ ಗೊತ್ತಾಯಿತು. ನೀವೂ ಇವತ್ತೇ ಹೀಗೆ ಮಾಡಿ ನೋಡಿ, ಖರ್ಚಿಲ್ಲ.

ಯಾಕೆ ಹೀಗೆ ಅಂತ ಹೇಳುತ್ತೇನೆ. ಸ್ಪೀಕರಿನ ಕೋನ್ ಮುಂದಕ್ಕೂ ಹಿಂದಕ್ಕೂ ಆಡುತ್ತದೆ. ಮುಂದಿನ ಗಾಳಿಯನ್ನು ತಳ್ಳುವಾಗ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಎರಡೂ ಒಂದಕ್ಕೊಂದು ಸೇರಿಬಿಟ್ಟರೆ ಅಲ್ಲಿಗಲ್ಲಿಗೆ ವಜಾ ಆಗಿಹೋಗುತ್ತವೆ, ಅದರಲ್ಲೂ ಬೇಸ್. ಮನೆಯ ಸ್ಪೀಕರನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸುವುದು ಇದಕ್ಕೇ. ಕಾರಿನಲ್ಲಿ ಬಾಗಿಲೇ ಆ ಪೆಟ್ಟಿಗೆ. ಆದರೆ ಎಂಥಾ ಪೆಟ್ಟಿಗೆ ನೋಡಿ: ಹೊರಗೆ ತೆಳು ತಗಡು, ಒಳಗಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು, ಎಷ್ಟೋ ಕಾರುಗಳಲ್ಲಿ ಅವುಗಳ ಮೇಲೆ ಬರೀ ಒಂದು ಪ್ಲಾಸ್ಟಿಕ್ ಹಾಳೆ. ಇದರಲ್ಲಿ ಎಷ್ಟು ಒಳ್ಳೆಯ ಸ್ಪೀಕರ್ ಹಾಕಿದರೂ ಬೇಸ್ ನಿಲ್ಲುವುದಿಲ್ಲ.

ಇದಕ್ಕೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಸಿಗುತ್ತದೆ. ಒಂದು ಕಡೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಕಡೆ ಕಪ್ಪು ಅಂಟು. ಡಾಂಬರಿನಿಂದ ಮಾಡಿದ ಅಗ್ಗದ ಶೀಟ್ ಬೇಡವೇ ಬೇಡ. ಬಿಸಿಲಿಗೆ ಕರಗಿ ಜಾರುತ್ತದೆ, ಕಾರಿನೊಳಗೆ ವಾಸನೆ ಬರುತ್ತದೆ. ಹೊರ ತಗಡನ್ನು ಪೂರ್ತಿ ಮುಚ್ಚಬೇಕಾಗಿಲ್ಲ. ತಗಡನ್ನು ಬೆರಳಿನಿಂದ ತಟ್ಟಿ ನೋಡಿ, ಡಬ್ಬದ ಹಾಗೆ ಟಣ್ ಅನ್ನುವ ಅಗಲ ಜಾಗಗಳಿಗೆ, ಮುಖ್ಯವಾಗಿ ಸ್ಪೀಕರಿನ ಹಿಂದೆ ಬರುವ ತಗಡಿಗೆ ಅಂಟಿಸಿದರೆ ಸಾಕು. ಅಂಟಿಸುವ ಮುಂಚೆ ಸ್ಪಿರಿಟ್‌ನಿಂದ ಧೂಳು, ಜಿಡ್ಡು ಒರೆಸಿ. ರೋಲರ್‌ನಿಂದ ಚೆನ್ನಾಗಿ ಒತ್ತಿ. ಒಳ ತಗಡಿನ ತೂತುಗಳನ್ನು ಮಾತ್ರ ಪೂರ್ತಿ ಮುಚ್ಚಬೇಕು. ಕೆಲಸ ಮಾಡುವವರು ಇಲ್ಲೇ ಅವಸರ ಮಾಡುವುದು, ಹತ್ತಿರ ನಿಂತು ನೋಡಿ. ಬಾಗಿಲಿನ ತಳದಲ್ಲಿ ಮಳೆನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ, ಅವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮುಚ್ಚಿದರೆ ನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತದೆ.

ನನ್ನ ಬಾಗಿಲಿನ ಝರ್ ಎಲ್ಲಿಂದ ಬರುತ್ತಿತ್ತು ಗೊತ್ತಾ? ಲಾಕಿಗೆ ಹೋಗುವ ಒಂದು ತೆಳು ಸರಳು ತಗಡಿಗೆ ತಾಗುತ್ತಿತ್ತು. ಬಟ್ಟೆಯ ಟೇಪನ್ನು ಎರಡು ಸುತ್ತು ಸುತ್ತಿದೆ, ಅಷ್ಟಕ್ಕೇ ನಿಂತಿತು.

ಇನ್ನು ಸ್ಪೀಕರ್. ಮುಂದೆ ಕಾಂಪೊನೆಂಟ್ ಸೆಟ್ ಹಾಕಿಸಿ, ಅಂದರೆ ಬಾಗಿಲಿನಲ್ಲಿ ವೂಫರ್ (ಕೆಳ ದನಿಗಳ ಸ್ಪೀಕರ್), ಮೇಲೆ ಕಿವಿಯ ಎತ್ತರಕ್ಕೆ ಹತ್ತಿರವಾಗಿ ಪ್ರತ್ಯೇಕ ಟ್ವೀಟರ್ (ಕೀರಲು ದನಿಗಳ ಸಣ್ಣ ಸ್ಪೀಕರ್). ಟ್ವೀಟರ್ ಕಾಲಿನ ಹತ್ತಿರ ಇದ್ದರೆ ಹಾಡೂ ಕಾಲಿನ ಹತ್ತಿರವೇ ಕೇಳಿಸುತ್ತದೆ. ಹಿಂದಿನ ಸ್ಪೀಕರ್‌ಗಳಿಗೆ ಸದ್ಯಕ್ಕೆ ಒಂದು ಪೈಸೆಯೂ ಬೇಡ.

ಕೊಳ್ಳುವಾಗ ಡಬ್ಬದ ಮೇಲೆ ದೊಡ್ಡದಾಗಿ ಬರೆದ ಮ್ಯಾಕ್ಸ್ ವ್ಯಾಟ್ ನೋಡಬೇಡಿ. ಆರ್‌ಎಂಎಸ್ ವ್ಯಾಟ್ (ಸ್ಪೀಕರ್ ಸತತವಾಗಿ ತಡೆದುಕೊಳ್ಳುವ ಶಕ್ತಿ) ನೋಡಿ, ಸೆನ್ಸಿಟಿವಿಟಿ (ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು) ನೋಡಿ. ಸ್ಟೀರಿಯೊ ಮೇಲೆ 50 ಇಂಟು 4 ವ್ಯಾಟ್ (ನಾಲ್ಕು ಸ್ಪೀಕರಿಗೆ ತಲಾ 50) ಅಂತ ಬರೆದಿರುತ್ತಾರಲ್ವಾ, ಅದನ್ನು ನಂಬಿ ಕೂರಬೇಡಿ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಅಷ್ಟರಲ್ಲಿ 4 ಓಮ್‌ನ ಸ್ಪೀಕರಿಗೆ ಒಡೆಯದ ಹಾಗೆ ಕೊಡಬಹುದಾದದ್ದು ಲೆಕ್ಕದ ಪ್ರಕಾರ 26 ವ್ಯಾಟ್ ದಾಟುವುದಿಲ್ಲ. ನಷ್ಟ ಕಳೆದರೆ ಸಾಮಾನ್ಯ ಸ್ಟೀರಿಯೊದಿಂದ ಒಂದೊಂದು ಸ್ಪೀಕರಿಗೆ ನಿಜವಾಗಿ ಸಿಗುವುದು 15ರಿಂದ 20 ವ್ಯಾಟ್. ಸೆನ್ಸಿಟಿವಿಟಿ 3 ಡೆಸಿಬಲ್ ಜಾಸ್ತಿ ಇರುವ ಸ್ಪೀಕರ್ ಆರಿಸಿದರೆ ಶಕ್ತಿಯನ್ನು ಎರಡು ಪಟ್ಟು ಮಾಡಿದಷ್ಟೇ ಫಲ. ಹಾಗಾಗಿ ಬೇರೆ ಆಂಪ್ಲಿಫೈಯರ್ (ಸ್ಪೀಕರಿಗೆ ಹೆಚ್ಚು ಶಕ್ತಿ ಕೊಡುವ ಪೆಟ್ಟಿಗೆ) ಇಲ್ಲದೆ ನಡೆಸುವುದಾದರೆ 90 ಡೆಸಿಬಲ್‌ಗಿಂತ ಮೇಲಿರುವುದನ್ನೇ ಹುಡುಕಿ.

ನಿಮ್ಮ ಸೌಂಡ್ ಒಡೆಯುವುದಕ್ಕೂ ಕಾರಣ ಬಹುಶಃ ಇಲ್ಲೇ ಇದೆ. ಬೇಸ್ ಸಾಲದು ಅಂತ ಈಕ್ವಲೈಜರ್‌ನಲ್ಲಿ ಬೇಸ್ ಏರಿಸಿದ್ದೀರಾ ನೋಡಿ. 6 ಡೆಸಿಬಲ್ ಏರಿಸಿದರೆ ಆ ಭಾಗಕ್ಕೆ ನಾಲ್ಕು ಪಟ್ಟು ಶಕ್ತಿ ಬೇಕು. ಸ್ಟೀರಿಯೊ ಹತ್ತಿರ ಅದು ಇಲ್ಲ, ಹಾಗಾಗಿ ದನಿ ಒಡೆಯುತ್ತದೆ. ಎಲ್ಲವನ್ನೂ ಸೊನ್ನೆಗೆ ತನ್ನಿ, ಲೌಡ್‌ನೆಸ್ (ಬೇಸನ್ನು ತಾನಾಗಿ ಏರಿಸುವ ಸೆಟ್ಟಿಂಗ್) ಆಫ್ ಮಾಡಿ, ಬ್ಲೂಟೂತ್ ಬದಲು ಯುಎಸ್‌ಬಿಯಿಂದ ಒಳ್ಳೆಯ ಫೈಲ್ ಹಾಕಿ ಕೇಳಿ. ಸ್ಟೀರಿಯೊದಲ್ಲಿ ಹೈಪಾಸ್ ಫಿಲ್ಟರ್ (ತೀರಾ ಕೆಳಗಿನ ಬೇಸನ್ನು ತಡೆಯುವ ಸೆಟ್ಟಿಂಗ್) ಇದ್ದರೆ 60ರಿಂದ 80 ಹರ್ಟ್ಸ್‌ಗೆ ಇಡಿ. ಬಾಗಿಲಿನ ಸ್ಪೀಕರಿಗೆ ಆಗದ ಭಾರವನ್ನು ಅದರ ತಲೆಯಿಂದ ಇಳಿಸಿದ ಹಾಗೆ. ದನಿ ಎಷ್ಟು ತಿಳಿಯಾಗುತ್ತದೆ ಅಂತ ನೀವೇ ನೋಡುತ್ತೀರಿ.

ಫಿಟ್ಟಿಂಗ್ ಆದಮೇಲೆ ಪೋಲಾರಿಟಿ ಪರೀಕ್ಷೆ ಮಾಡದೆ ಮನೆಗೆ ಹೋಗಬೇಡಿ. ಎರಡರಲ್ಲಿ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲು ಬದಲಾದರೆ ಒಂದು ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗುತ್ತದೆ, ಬೇಸ್ ಮಾಯವಾಗುತ್ತದೆ. ಪತ್ತೆ ಸುಲಭ. ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಂದು ಕೇಳಿ, ಆಮೇಲೆ ನಡುವಿಗೆ ತನ್ನಿ. ನಡುವಿಗೆ ತಂದಾಗ ಬೇಸ್ ಕಡಿಮೆಯಾದರೆ ವೈರ್ ಉಲ್ಟಾ ಆಗಿದೆ. ಸ್ಪೀಕರ್ ಇನ್ನೂ ಕೈಯಲ್ಲೇ ಇದ್ದರೆ 1.5 ವೋಲ್ಟಿನ ಸೆಲ್ ಸಾಕು: ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ತಾಗಿಸಿ. ಕೋನ್ ಟಪ್ ಅಂತ ಹೊರಗೆ ಬರಬೇಕು.

ಇಷ್ಟಾದಮೇಲೂ ಸಾಲದು ಅನ್ನಿಸಿದರೆ ಆಂಪ್ಲಿಫೈಯರ್. ಇಲ್ಲಿ ಒಂದು ವಿಷಯ ಮನಸ್ಸಿಗೆ ಹಚ್ಚಿಕೊಂಡು ಕೇಳಿ. ನನ್ನ ಸಬ್‌ವೂಫರ್ ಆಂಪ್‌ಗೆ ಬ್ಯಾಟರಿಯಿಂದ ದಪ್ಪ ವೈರ್ ಎಳೆದಿದ್ದವರು ಫ್ಯೂಸನ್ನು ಡಿಕ್ಕಿಯಲ್ಲಿ, ಆಂಪ್ ಪಕ್ಕದಲ್ಲಿ ಕೂರಿಸಿದ್ದರು. ಬಾಗಿಲಿನ ಕೆಲಸಕ್ಕೆ ಅಂತ ಎಲ್ಲ ಬಿಚ್ಚಿದಾಗ ನೋಡಿದೆ: ಎಂಜಿನ್ ಕೋಣೆಯಿಂದ ಒಳಗೆ ಬರುವ ಕಡೆ ಬರೀ ತಗಡಿಗೆ ತೂತು ಕೊರೆದು ವೈರ್ ತೂರಿಸಿದ್ದರು. ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಇರಲಿಲ್ಲ. ತಗಡಿನ ಅಂಚು ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಸವೆದು, ಒಂದು ಕಡೆ ತಾಮ್ರ ಹೊಳೆಯುತ್ತಿತ್ತು. ಆ ತಾಮ್ರ ಕಾರಿನ ತಗಡಿಗೆ ತಾಗಿದ್ದರೆ ಡಿಕ್ಕಿಯಲ್ಲಿದ್ದ ಫ್ಯೂಸ್ ಏನೂ ಮಾಡುತ್ತಿರಲಿಲ್ಲ. ಬ್ಯಾಟರಿಯ ಪೂರ್ತಿ ಕರೆಂಟ್ ಆ ವೈರಿನಲ್ಲಿ ಹರಿದು ಬೆಂಕಿ ಹೊತ್ತಿಕೊಳ್ಳುತ್ತಿತ್ತು. ನೆನೆದರೆ ಈಗಲೂ ಮೈ ನಡುಗುತ್ತದೆ. ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಕ್ಕದಲ್ಲಿ, 18 ಇಂಚಿನ ಒಳಗೆ. ಅದು ಕಾಯುವುದು ವೈರನ್ನು, ಆಂಪನ್ನಲ್ಲ.

ವೈರ್ ಪೂರ್ತಿ ತಾಮ್ರದ್ದೇ ಇರಲಿ. ಸಿಸಿಎ ಅಂತ ಬರೆದಿದ್ದರೆ ಒಳಗೆ ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ಅರ್ತ್ ವೈರ್ ಗಿಡ್ಡ ಇರಲಿ, ಬಾಡಿಯ ಬಣ್ಣ ಕೆರೆದು ಬರೀ ತಗಡಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಎಂಜಿನ್ ವೇಗದ ಜೊತೆ ಏರಿಳಿಯುವ ಕುಂಯ್ ಅನ್ನುವ ಸದ್ದು ಬಂದರೆ ಮೊದಲು ನೋಡಬೇಕಾದದ್ದು ಈ ಅರ್ತ್ ಜಾಗವನ್ನೇ. ಆರ್‌ಸಿಎ ಕೇಬಲ್ (ಸ್ಟೀರಿಯೊದಿಂದ ಆಂಪ್‌ಗೆ ಸಿಗ್ನಲ್ ಒಯ್ಯುವುದು) ಕಾರಿನ ಒಂದು ಪಕ್ಕದಲ್ಲಿ ಹೋದರೆ ಪವರ್ ವೈರ್ ಇನ್ನೊಂದು ಪಕ್ಕದಲ್ಲಿ ಹೋಗಲಿ. ಮುಂಗಾಜಿನ ಪಕ್ಕದ ಕಂಬದಲ್ಲಿ ಟ್ವೀಟರ್ ಕೂರಿಸುವಾಗ ಅಲ್ಲಿ ಏರ್‌ಬ್ಯಾಗ್ ಇದೆಯಾ ವಿಚಾರಿಸಿ. ಇದ್ದರೆ ಅದು ಬಿಚ್ಚಿಕೊಳ್ಳುವ ದಾರಿಗೆ ವೈರಾಗಲಿ ಟ್ವೀಟರಾಗಲಿ ಅಡ್ಡ ಬರಬಾರದು. ಕಂಪನಿಯ ವೈರ್‌ಗಳನ್ನು ಕತ್ತರಿಸಲು ಬಿಡಬೇಡಿ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ (ವೈರ್ ಕತ್ತರಿಸದೆ ಜೋಡಿಸುವ ಪ್ಲಗ್) ಹಾಕಿಸಿ. ನಾಳೆ ಹಳೆಯದನ್ನೇ ಮತ್ತೆ ಕೂರಿಸಬೇಕಾದರೆ ಸಲೀಸು, ವಾರಂಟಿ ತಕರಾರೂ ಕಡಿಮೆ.

ಸ್ಟೀರಿಯೊ ಬದಲಿಸಲೇಬೇಕಾ ಅಂದರೆ, ಬೇಕಾಗಿಲ್ಲ. ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಆಂಪ್‌ಗಳಿವೆ. ಎಸಿ, ರಿವರ್ಸ್ ಕ್ಯಾಮೆರಾ ಎಲ್ಲ ಒಂದೇ ಸ್ಕ್ರೀನಿನಲ್ಲಿರುವ ಕಾರುಗಳಿಗೆ ಅದೇ ಒಳ್ಳೆಯ ದಾರಿ.

ಸಬ್‌ವೂಫರನ್ನು ನಾನು ಪೂರ್ತಿ ಬಿಡಲಿಲ್ಲ. 12 ಇಂಚಿನದ್ದನ್ನು ತೆಗೆದು, ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ 10 ಇಂಚಿನದ್ದು ಹಾಕಿದೆ. 80 ಹರ್ಟ್ಸ್‌ಗಿಂತ ಕೆಳಗಿನದ್ದು ಮಾತ್ರ ಅದಕ್ಕೆ ಹೋಗುತ್ತದೆ. ನೀವೂ ಮುಂದೆ ಹಾಕಿಸಿದರೆ ಆಂಪಿನ ಗೇನ್ ತಿರುಗಣೆಯನ್ನು ವಾಲ್ಯೂಮ್ ಅಂದುಕೊಂಡು ತಿರುಗಿಸಬೇಡಿ. ಅದು ಸ್ಟೀರಿಯೊದ ಸಿಗ್ನಲ್‌ಗೆ ಆಂಪನ್ನು ಹೊಂದಿಸಲು ಇರುವುದು. ಗೇನನ್ನು ಪೂರ್ತಿ ಕೆಳಗಿಟ್ಟು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡು ಹಾಕಿ, ನೀವು ದಿನಾ ಕೇಳುವ ವಾಲ್ಯೂಮ್‌ನಲ್ಲಿ ಡ್ರೈವರ್ ಸೀಟಿನಲ್ಲಿ ಕೂತುಕೊಳ್ಳಿ. ಇನ್ನೊಬ್ಬರು ಡಿಕ್ಕಿಯ ಹತ್ತಿರ ನಿಂತು ಗೇನನ್ನು ಸ್ವಲ್ಪ ಸ್ವಲ್ಪವೇ ಏರಿಸಲಿ. ಬೇಸ್ ಹಿಂದಿನಿಂದ ಬರುತ್ತಿದೆ ಅಂತ ನಿಮಗೆ ಗೊತ್ತಾದ ಕೂಡಲೇ ನಿಲ್ಲಿಸಿ, ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಲು ಹೇಳಿ.