ಹೆಣ್ಣು ನೊಣ ಸುಮ್ನೆ ನಿಂತಿರೋದಲ್ಲ

ಪ್ರಶ್ನೆ: ಹಣ್ಣುನೊಣಗಳಲ್ಲಿ ಗಂಡೇ ಹಾಡಿ ಒಲಿಸುತ್ತೆ, ಹೆಣ್ಣು ಸುಮ್ನೆ ನಿಂತಿರುತ್ತೆ ಅಂತ ಓದಿದೆ. ಹಾಗಾದ್ರೆ ಹೆಣ್ಣಿನ ಮಿದುಳಿಗೇನು ಕೆಲಸ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಚಿಂತಾಮಣಿ

ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ನನ್ನ ಸಿಟ್ಟು ನಿಮ್ಮ ಮೇಲಲ್ಲ, ‘ಸುಮ್ನೆ ನಿಂತಿರುತ್ತೆ’ ಅಂತ ಬರೆದವರ ಮೇಲೆ. ಆ ನಿಲ್ಲೋದೇ ಅವಳ ಉತ್ತರ ಕಣಮ್ಮ! ಇಷ್ಟವಿಲ್ಲದ ಹೆಣ್ಣು ನಿಲ್ಲುವುದಿಲ್ಲ. ಓಡುತ್ತದೆ, ಹಾರುತ್ತದೆ, ಹಿಂಗಾಲಲ್ಲಿ ಒದೆಯುತ್ತದೆ. ಲೆನ್ಸ್ ಹಿಡಿದು ನೋಡಿ.

ಗಂಡು ಒಂದೇ ರೆಕ್ಕೆ ಚಾಚಿ ಅದುರಿಸುತ್ತದೆ. ಅದೇ ಹಾಡು. ಹಾಡು ತನ್ನ ಜಾತಿಯದ್ದಾ ಅಂತ ಹೆಣ್ಣಿನ ಮಿದುಳಿನ ಕೆಲವು ನರಕೋಶಗಳು ಗುರುತಿಸುತ್ತವೆ. ಈಗಾಗಲೇ ಕೂಡಿ ಆಗಿದೆಯಾ ಅನ್ನೋದನ್ನು ಪಿಸಿ1 ಎಂಬ ಇನ್ನೊಂದು ಗುಂಪು ತಿಳಿಸುತ್ತದೆ. ಎರಡೂ ಸುದ್ದಿ ಸೇರುವುದು ವಿಪಿಒಡಿಎನ್ ಎಂಬ ನರಕೋಶದಲ್ಲಿ. ಅಲ್ಲಿಂದ ಆಜ್ಞೆ ಕೆಳಗಿಳಿದರೆ ಮಾತ್ರ ಹೆಣ್ಣು ಯೋನಿಯ ಫಲಕಗಳನ್ನು ತೆರೆಯುತ್ತದೆ. ಲ್ಯಾಬ್‌ನಲ್ಲಿ ಆ ಕೋಶದ ಬಾಯಿ ಮುಚ್ಚಿಸಿದರೆ ಗಂಡು ಎಷ್ಟೇ ಹಾಡಿದರೂ ಫಲಕ ತೆರೆಯುವುದಿಲ್ಲ.

ಒಮ್ಮೆ ಕೂಡಿದ ಮೇಲೆ ಲೆಕ್ಕ ಬದಲಾಗುತ್ತದೆ. ವೀರ್ಯದ ಜೊತೆ ‘ಸೆಕ್ಸ್ ಪೆಪ್ಟೈಡ್’ ಎಂಬ ಪುಟ್ಟ ಪ್ರೋಟೀನ್ ಒಳಗೆ ಬರುತ್ತದೆ. ವೀರ್ಯಾಣುವಿನ ಬಾಲಕ್ಕೆ ಅಂಟಿಕೊಂಡು, ದಿನಗಟ್ಟಲೆ ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಗರ್ಭಕೋಶದ ನರಕೋಶಗಳಲ್ಲಿ ಅದನ್ನು ಹಿಡಿಯುವ ಗ್ರಾಹಕ (ರಿಸೆಪ್ಟರ್) ಇದೆ. ಅದು ಪತ್ತೆಯಾದದ್ದು 2008ರಲ್ಲಿ. ಪೆಪ್ಟೈಡ್ ತಾಗಿದರೆ ಆ ಕೋಶಗಳು ತಣ್ಣಗಾಗುತ್ತವೆ. ಅಲ್ಲಿಂದ ಮೇಲೆ ಸುದ್ದಿ ಒಯ್ಯುವ ಕೋಶಗಳೂ ತಣ್ಣಗಾಗುತ್ತವೆ, ಪಿಸಿ1 ಕೂಡ. ಆಗ ಅದೇ ಹಾಡು ಕೇಳಿದರೂ ಫಲಕದ ಬದಲು ಮೊಟ್ಟೆಯಿಡುವ ಅಂಗವನ್ನು ಹೊರಚಾಚಿ ಗಂಡನ್ನು ದೂರ ತಳ್ಳುತ್ತದೆ. ಸುಮಾರು ಒಂದು ವಾರ ಹೀಗೇ. ಮೊಟ್ಟೆ ಇಡೋದು ಮಾತ್ರ ಜಾಸ್ತಿಯಾಗುತ್ತದೆ.

ಇದನ್ನೆಲ್ಲ ಹೆಂಗಸರ ಮನಸ್ಸಿಗೆ ಅಂಟಿಸಿ ಭಾಷಣ ಮಾಡುವವರಿದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಇದು ನೊಣದ ವಿಚಾರ, ಅಷ್ಟೇ.

ಪ್ರಶ್ನೆ: ಕೀಟಗಳ ಗಂಧದಿಂದ ಮಾಡಿದ ವಶೀಕರಣದ ಅತ್ತರು ಕೆಲಸ ಮಾಡುತ್ತಾ?
– ಕೆಜಿಎಫ್

ಶುದ್ಧ ಮೋಸ. ದುಡ್ಡು ಕೊಡಬೇಡಿ.

ಪ್ರಶ್ನೆ: ಮಾವಿನ ತೋಟದ ಬಲೆಗೆ ಗಂಡು ನೊಣ ಮಾತ್ರ ಬೀಳ್ತಿವೆ. ಹೆಣ್ಣಿನ ಮಿದುಳಿಗೆ ಔಷಧಿ ಇಲ್ವಾ?
– ಶ್ರೀನಿವಾಸಪುರ

ಇಲ್ಲ. ನಿಮ್ಮ ತೋಟದ್ದು ಬ್ಯಾಕ್ಟ್ರೊಸೆರಾ ಎಂಬ ನೊಣ, ಮೇಲೆ ಹೇಳಿದ ಲ್ಯಾಬ್‌ನ ಹಣ್ಣುನೊಣ ಡ್ರೊಸೊಫಿಲಾ ಅಲ್ಲ. ಕುಟುಂಬವೇ ಬೇರೆ. ಬಲೆಯಲ್ಲಿಡುವ ಮೀಥೈಲ್ ಯೂಜಿನಾಲ್ ಎಂಬ ಆಕರ್ಷಕ ವಾಸನೆಗೆ ಬರೋದು ಗಂಡೇ. ಗಂಡು ಕಮ್ಮಿಯಾದರೆ ಫಲವಾಗುವ ಮೊಟ್ಟೆಯೂ ಕಮ್ಮಿ. ಆದ್ದರಿಂದ ಕಾಯಿ ಬಲಿಯುವ ಮೊದಲೇ ತೋಟದ ತುಂಬಾ ಬಲೆ ಕಟ್ಟಿ. ಉದುರಿದ ಹಣ್ಣನ್ನು ಆಗಾಗ ಆರಿಸಿ, ಆಳವಾಗಿ ಹೂಳಿ. ಪಕ್ಕದ ತೋಟದವರೂ ಹಾಗೇ ಮಾಡಬೇಕು, ಒಬ್ಬರೇ ಮಾಡಿದರೆ ಸಾಲದು.