ಪ್ರತಿಕ್ರಿಯೆ: ಹಳೇ ಲಿಮಾ 66, ಹೊಸ ಹಾರ್ನ್‌ಬಿ 66

ಬ್ರಿಟನ್ನಿನ ಕ್ಲಾಸ್ 66 ಡೀಸೆಲ್ ಗೂಡ್ಸ್ ಎಂಜಿನ್ನಿನ ಸಣ್ಣ ಮಾದರಿ ನಿಮ್ಮ ಕಡೆ ಐತಿ, ಲಿಮಾ ಕಂಪನಿಯ ಹಳೇದು. ಅದಕ್ಕ ಹಾರ್ನ್‌ಬಿ ಕಂಪನಿಯ ರೈಲ್‌ರೋಡ್ ಸರಣಿಯ 66ರ ಬಿಡಿಭಾಗ ಕೂಡ್ತಾವೇನು, ಎರಡೂ ಒಂದೇ ಅಚ್ಚಿನವೇನು ಅಂತ ಬಾಗಲಕೋಟೆಯಿಂದ ಕೇಳೀರಿ. ಮೇಲಿನ ಕವಚದ ಅಚ್ಚು ಅದೇ ರೀ. 2004ರಾಗ ಲಿಮಾದ ಅಚ್ಚುಗಳು ಹಾರ್ನ್‌ಬಿ ಕೈಗೆ ಬಂದವು. ಉಕ್ಕಿನ ಅಚ್ಚು ಕೊರೆಸೋದೇ ದೊಡ್ಡ ಖರ್ಚು. ಬಣ್ಣ, ನಂಬರ್ ಬದಲಿಸೋದು ಬರೇ ಪ್ಯಾಡ್ ಪ್ರಿಂಟಿಂಗ್, ಅಂದ್ರ ಮೆತ್ತನೆ ಪ್ಯಾಡಿನಿಂದ ಒತ್ತೋ ಮುದ್ರಣ. ನಿಜವಾದ 66 ಅಂತೂ ಇಡಬ್ಲ್ಯೂಎಸ್, ಫ್ರೈಟ್‌ಲೈನರ್, ಜಿಬಿ ರೈಲ್‌ಫ್ರೈಟ್ ಹಿಂಗ ಹಲವು ಕಂಪನಿಗಳ ಬಣ್ಣದಾಗ ಓಡೇತಿ. ಒಂದೇ ಅಚ್ಚಿನಿಂದ ವರ್ಷಗಟ್ಟಲೆ ಹೊಸ ಬಣ್ಣದ ಮಾದರಿ ಮಾರಬಹುದು. ಒಂದೇ ಬಣ್ಣದಾಗ ಓಡಿದ ಎಂಜಿನ್‌ಗೆ ಆ ಭಾಗ್ಯ ಇಲ್ಲ. ಅಚ್ಚು ಸವೆದಿದ್ರ ಅಂಚಿಗೆ ತೆಳು ಪ್ಲಾಸ್ಟಿಕ್ ಎಳೆ ಉಳಿದಿರ್ತೇತಿ, ನೋಡ್ರಿ.

ಮೋಟಾರ್ ಮಾತ್ರ ನಂಬಿ ತರಿಸಬ್ಯಾಡ್ರಿ. ಲಿಮಾದ್ದು ಬೋಗಿ, ಅಂದ್ರ ಎಂಜಿನ್ ಕೆಳಗಿನ ಚಕ್ರದ ಚೌಕಟ್ಟು, ಅದರೊಳಗಿನ ಚಪ್ಪಟೆ ಪ್ಯಾನ್‌ಕೇಕ್ ಮೋಟಾರ್. ಹಾರ್ನ್‌ಬಿ ತನ್ನದೇ ಮೋಟಾರ್ ಕೂಡಿಸೇತಿ. ಹಾರ್ನ್‌ಬಿ ಪೆಟ್ಟಿಗೆ ಮ್ಯಾಲೆ ‘R’ ಅಕ್ಷರದಿಂದ ಶುರುವಾಗೋ ಮಾದರಿ ನಂಬರ್ ನೋಡೇ ಬಿಡಿಭಾಗ ಆರಿಸ್ರಿ. ಹಳೇದು ಗುರ್ರ್ ಅಂದು ನಿಂತ್ರ ಬಹಳ ಸಲ ಮೋಟಾರ್ ಸುಟ್ಟಿರಂಗಿಲ್ಲ: ಗ್ರೀಸ್ ಒಣಗಿ, ನಮ್ಮ ಕಡೆ ಎರಿ ಮಣ್ಣಿನ ಧೂಳು ಅದಕ್ಕ ಅಂಟಿರ್ತೇತಿ. ಮೋಟಾರಿಗೆ ಕರೆಂಟ್ ಮುಟ್ಟಿಸೋ ಬ್ರಷ್ ಬಿಚ್ಚಿ, ಅವು ಉಜ್ಜೋ ತಿರುಗು ತಾಮ್ರದ ಭಾಗ ಕಮ್ಯುಟೇಟರನ್ನ ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸ್ರಿ. ಬೇರಿಂಗಿಗೆ ಹೊಲಿಗೆ ಮಷೀನ್ ಎಣ್ಣೆ ಒಂದೇ ಹನಿ. ಹೆಚ್ಚಾದ್ರ ಕಮ್ಯುಟೇಟರ್ ಮ್ಯಾಲೆ ಹರಿದು ಕಿಡಿ ಹಾರ್ತೇತಿ. ಆಮ್ಯಾಲೆ 12 ವೋಲ್ಟ್ ಡಿಸಿ ಒಳಗ ಪರೀಕ್ಷೆ ಮಾಡ್ರಿ.

ಡಿಸಿಸಿ, ಅಂದ್ರ ಹಳಿಯೊಳಗ ಡಿಜಿಟಲ್ ಸಂಕೇತ ಕಳಿಸಿ ಎಂಜಿನ್ ಓಡಿಸೋ ಪದ್ಧತಿ, ಅದರ ಡಿಕೋಡರ್ (ಸಂಕೇತ ಓದೋ ಚಿಪ್) ಹಾಕೋರಿದ್ರ ಎರಡೂ ಬ್ರಷ್ ಚಾಸಿಯಿಂದ ಪೂರ್ತಿ ಬೇರೆ ಆಗಿರಬೇಕು. ಮಲ್ಟಿಮೀಟರ್ ಹಚ್ಚಿ ಖಾತ್ರಿ ಮಾಡಿಕೊಳ್ರಿ, ಇಲ್ಲಂದ್ರ ಡಿಕೋಡರ್ ಸುಡ್ತೇತಿ. ಲಿಮಾ ಚಕ್ರದ ಅಂಚು ಆಳ; ಕೋಡ್ ಅಂದ್ರ ಮಾದರಿ ಹಳಿಯ ಎತ್ತರದ ಅಳತೆ. ಕೋಡ್ 75 ಹಳಿ 1.9 ಮಿ.ಮೀ. ಎತ್ತರ ಅಷ್ಟ, ಅಲ್ಲಿ ಚಕ್ರದ ಅಂಚು ಸ್ಲೀಪರ್ ಮ್ಯಾಲೆ ಹಳಿ ಹಿಡಿಯೋ ಹಿಡಿಕೆಗೆ ತಾಗಿ ಟಕಟಕ ಅಂತೇತಿ. ಹೆಚ್ಚು ಎತ್ತರದ ಕೋಡ್ 100 ಹಳಿ ಹಾಕ್ರಿ.